ಹಕಾರಕ್ಕೆ ಬಿಟ್ಟ ಜಾಗ

ಫ್ಲೋರಲ್ ಪಾರ್ಕ್, ನ್ಯೂಯಾರ್ಕ್
9 ಫೆಬ್ರವರಿ 2003, ಭಾನುವಾರ

ವೀರಬಸಮ್ಮ ಟೀಚರಿಗೆ ನಮಸ್ಕಾರ.

ನನ್ನ ಹೆಸರು ಸ್ಮಿತಾ. ಕನ್ನಡ ಕಲಿಸುವವರ ಇ-ಮೇಲ್ ಬಳಗದಲ್ಲಿ ನೀವು ಹಾಕಿದ್ದ ಎರಡು ಸಾಲು ನೋಡಿ ಬರೀತಿದ್ದೀನಿ. 'ಬೆಟಗೇರಿ, ಸರಕಾರಿ ಶಾಲೆ, ಒಂದನೇ ಇಯತ್ತೆ, ಇಪ್ಪತ್ತೆಂಟು ವರ್ಷದ ಅನುಭವ. ಯಾರಿಗಾದರೂ ಉಪಯೋಗ ಆದರೆ ತಿಳಿಸಿರಿ' ಅಂತ ಬರೆದಿದ್ರಿ. ಉಪಯೋಗ ಆಗುತ್ತೆ ಟೀಚರ್, ನನಗೇ ಆಗುತ್ತೆ.

ನಾನು ಮದ್ದೂರಿನ ಕಡೆಯವಳು. ಮೈಸೂರಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ. ನಮ್ಮ ಮನೆಯವರು ಶಿವಪ್ರಸಾದ್ ಸಾಫ್ಟ್‌ವೇರಿನವರು, ದಿನಾ ಟ್ರೈನಲ್ಲಿ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡ್ತಾರೆ. ನನ್ನದು ಅವರ ಬೆನ್ನಿಗೆ ಕಟ್ಟಿದ ವೀಸಾ, ಕೆಲಸ ಮಾಡೋ ಹಾಗಿಲ್ಲ. ಸುಮ್ಮನೆ ಕೂತು ಕೂತು ತಲೆ ಕೆಟ್ಟು, ಭಾನುವಾರ ನಮ್ಮ ಬೇಸ್‌ಮೆಂಟಲ್ಲಿ ಕನ್ನಡ ಕ್ಲಾಸ್ ಶುರು ಮಾಡಿದೆ. ಹನ್ನೊಂದು ಮಕ್ಕಳು. ನಾನು ಕನ್ನಡದಲ್ಲಿ ಕೇಳಿದ್ರೆ ಅವು ಇಂಗ್ಲಿಷಲ್ಲಿ ಉತ್ತರ ಕೊಡ್ತವೆ.

ಲೈಬ್ರರಿಯಲ್ಲಿ ಪುಸ್ತಕ ತಂದು ಓದಿ ಕಂಪ್ಯೂಟರಲ್ಲಿ ಒಂದು ಪಾಠ ಮಾಡ್ತಿದ್ದೀನಿ. ಪರದೆ ಮೇಲೆ 'ಕ' ಒತ್ತಿದ್ರೆ ಅದು 'ಕ' ಅಂತ ಹೇಳಬೇಕು, ಎರಡು ಪದ ಹೇಳಬೇಕು. ಎಲ್ಲಾ ರೆಡಿ, ದನಿ ಒಂದಿಲ್ಲ. ನನ್ನದೇ ಹಾಕಬಹುದಲ್ಲಾ ಅಂತೀರಿ. ನನ್ನ ನಾಲಿಗೇಲಿ ಹಕಾರ ಇಲ್ಲ ಟೀಚರ್! ನಮ್ಮೂರಲ್ಲಿ ಹಾಲು ಅಂದ್ರೆ ಆಲು, ಹಲ್ಲು ಅಂದ್ರೆ ಅಲ್ಲು. ಕಾಲೇಜಲ್ಲಿ ಎಲ್ಲರೂ ನಕ್ಕರು ಅಂತ ತಿದ್ಕೊಳ್ಳೋಕೆ ಹೋಗಿ, ಈಗ ಗಾಬರಿ ಆದಾಗ ಬೇಡದ ಕಡೆಯೆಲ್ಲ ಹಕಾರ ಬರುತ್ತೆ. ಒಂದ್ಸಲ ಪ್ರಿನ್ಸಿಪಾಲರ ಮುಂದೆ 'ಹಕ್ಕಿ ಅನ್ನ ತಿಂತು' ಅನ್ನೋದನ್ನ 'ಅಕ್ಕಿ ಹನ್ನ ತಿಂತು' ಅಂದುಬಿಟ್ಟೆ. ಈ ಮಕ್ಕಳಿಗೆ ಅದನ್ನ ಅಂಟಿಸೋಕೆ ನನಗೆ ಇಷ್ಟ ಇಲ್ಲ.

ನಿಮ್ಮ ದನಿ ಕೊಡ್ತೀರಾ? ಬದಲಿಗೆ ಪಾಠ ಪೂರ್ತಿ ಸಿ.ಡಿ. ಮಾಡಿ ನಿಮ್ಮ ಶಾಲೆಗೆ ಕಳಿಸ್ತೀನಿ. ಈ ಪತ್ರ ಓದೋಕೆ ಆಗ್ತಿದ್ರೆ ನಮ್ಮಿಬ್ಬರದೂ ಒಂದೇ ಫಾಂಟ್ ಅಂತ ಅರ್ಥ, ಇದನ್ನೇ ಇಟ್ಕೊಳ್ಳೋಣ. ಬೇರೆ ಫಾಂಟಾದ್ರೆ ಅಕ್ಷರ ಎಲ್ಲ ಒಡೆದು ಚೂರು ಚೂರಾಗುತ್ತೆ.

ಇಂತಿ,
ಸ್ಮಿತಾ

⁕

ಬೆಟಗೇರಿ
1 ಮಾರ್ಚ್ 2003, ಶನಿವಾರ

ಸ್ಮಿತಾ ಅವರಿಗೆ ವೀರಬಸಮ್ಮನ ಶರಣು.

ನಿಮ್ಮ ಪತ್ರ ಛಂದ ಮೂಡೇತಿ, ಫಾಂಟ್ ಒಂದ ಐತಿ. ಶನಿವಾರ ಮುಂಜಾನಿ ಸಾಲಿ, ಮಧ್ಯಾಹ್ನ ಬಿಡುವು. ಆವಾಗ ಗದಗಿನಾಗ ಬದರಿ ಅವರ ಸೈಬರ್ ಅಂಗಡಿಗೆ ಬರ್ತೀನಿ. ವಾರಕ್ಕ ಒಮ್ಮೆ ಅಷ್ಟ. ಅದಕ್ಕ ನನ್ನ ಉತ್ತರ ಶನಿವಾರಕ್ಕ ಕಾಯಬೇಕು ನೋಡ್ರಿ.

'ಟೀಚರ್' ಬ್ಯಾಡ್ರಿ. ಇಲ್ಲೆ ನನಗ ಎಲ್ಲಾರೂ 'ಅಕ್ಕೋರು' ಅಂತಾರ. ಸಾಲಿ ಕಲಸಾಕಿ ಅಕ್ಕೋರು, ಸಾಲಿ ಬಿಟ್ಟ ಮ್ಯಾಲೂ ಅಕ್ಕೋರು. ಸಂತಿಯೊಳಗ ಮೆಣಸಿನಕಾಯಿ ಮಾರಾಕಿ ಸೈತ ಅಕ್ಕೋರ ಅಂತಾಳ. ಪಾಠಾ ಪುಸ್ತಕದ ಭಾಷಾದಾಗ ಹೇಳ್ತೀನಿ, ಪತ್ರ ಮಾತ್ರ ನಮ್ಮ ಮಾತಿನಾಗ ಬರೀತೀನಿ. ನಡೀತೈತೇನ್ರಿ?

ಅ ದಿಂದ ಅಃ ತನಕ ಒಂದು ಕ್ಯಾಸೆಟ್ ಮಾಡಿ ಇವತ್ತ ಪೋಸ್ಟಿಗೆ ಹಾಕೇನಿ. ಹಿಂದ ಖಟಕ್ ಖಟಕ್ ಅಂತ ಕೇಳಿದ್ರ ಅಂಜಬ್ಯಾಡ್ರಿ, ನಮ್ಮ ಮನಿಯವರು ಈಶಣ್ಣ ಅವರ ಮಗ್ಗ. ಸೀರಿ ನೇಯ್ತಾರ. ನಿಲ್ಲಸರಿ ಅಂದ್ರ ಸಿಟ್ಟ ಮಾಡ್ತಾರ.

ಒಂದು ಮಾತು. ಪ್ರತಿ ಶಬ್ದ ಹೇಳಿ ಒಂಚೂರು ಜಾಗ ಬಿಟ್ಟೇನಿ. ಆ ಜಾಗಾ ಕತ್ತರಿಸಬ್ಯಾಡ್ರಿ, ಅದು ಮಕ್ಕಳದು. ನಾ ಹೇಳಬೇಕು, ಸುಮ್ಮನಾಗಬೇಕು, ಅವು ಹೇಳಬೇಕು. ಜಾಗಾ ಬಿಡದ ಹೇಳಿದ್ರ ಅದು ಪಾಠ ಅಲ್ಲ, ಭಾಷಣ ಆಕ್ಕೈತಿ.

ನಿಮ್ಮ,
ವೀರಬಸಮ್ಮ

⁕

ಫ್ಲೋರಲ್ ಪಾರ್ಕ್
18 ಮೇ 2003

ಪ್ರೀತಿಯ ಅಕ್ಕೋರೇ,

ಪವರ್ಗದ ತನಕ ಬಂತು! ನಿಮ್ಮ ದನಿ ಎಷ್ಟು ಗಟ್ಟಿ! 'ಗಡಿಗೆ' ಅಂದ್ರೆ ಗಡಿಗೇನೇ ಎದುರಿಗೆ ಇಟ್ಟ ಹಾಗೆ. ಮಕ್ಕಳಿಗೆ ನಿಮ್ಮ ಮಗ್ಗದ ಹುಚ್ಚು ಹಿಡಿದಿದೆ. ಜಾಗ ಬಿಟ್ಟ ಕಡೆ ಪದ ಹೇಳೋದಲ್ಲದೆ ಖಟಕ್ ಖಟಕ್ ಅಂತ ಮೇಜು ಬಡೀತಾರೆ. ಆರು ವರ್ಷದ ಕಿಯಾರಾ “ಆಂಟಿ, ಈಸ್ ಅಕ್ಕೋರು ಅ ಟ್ರೈನ್?” ಅಂತ ಕೇಳಿದಳು. ನಕ್ಕು ನಕ್ಕು ಸಾಕಾಯ್ತು.

ಈ ಸಲದ ಕ್ಯಾಸೆಟ್ಟಲ್ಲಿ ಅಲ್ಲಲ್ಲಿ ಕೆಮ್ಮಿದ್ದೀರಿ. ಯೋಚನೆ ಬೇಡ, ಕಂಪ್ಯೂಟರಲ್ಲಿ ಕೆಮ್ಮನ್ನೆಲ್ಲ ಹುಡುಕಿ ಕತ್ತರಿಸಿ ತೆಗೆದೆ. ನೀವು ಕೆಮ್ಮಿದ್ರಿ ಅಂತ ದೇವರಿಗೂ ಗೊತ್ತಾಗಲ್ಲ, ಅಷ್ಟು ನೀಟಾಗಿದೆ.

ಒಂದು ಆಸೆ ಇದೆ. ನವೆಂಬರ್ ಒಂದಕ್ಕೆ, ರಾಜ್ಯೋತ್ಸವದ ದಿನ, ಮಕ್ಕಳು ನಿಮಗೆ ಫೋನ್ ಮಾಡಿ ಅ ದಿಂದ ಳ ತನಕ ಒಪ್ಪಿಸಬೇಕು. ಅಲ್ಲೀ ತನಕ ನಾನು ಫೋನ್ ಮಾಡಲ್ಲ, ಭಯ. ಮೊದಲನೇ ಸಲಕ್ಕೇ ನಿಮ್ಮ ಹತ್ರ 'ಅಲೋ' ಅಂದುಬಿಟ್ರೆ? ಅಭ್ಯಾಸ ಮಾಡ್ಕೋತಿದ್ದೀನಿ. ನಿಮಗೆ ಐ.ಎಸ್.ಡಿ. ದುಬಾರಿ, ನೀವು ಮಾಡೋದು ಬೇಡ. ಇಲ್ಲಿ ಹಿಲ್‌ಸೈಡ್ ಅವೆನ್ಯೂ ಅಂಗಡೀಲಿ ಫೋನ್ ಕಾರ್ಡ್ ಸಿಗುತ್ತೆ, ನಾನೇ ಮಾಡ್ತೀನಿ. ನಂಬರ್ ಕೊಡಿ.

ನಿಮ್ಮ,
ಸ್ಮಿತಾ

⁕

ಬೆಟಗೇರಿ
26 ಜುಲೈ 2003

ಸ್ಮಿತಾ ಅವರಿಗೆ ಶರಣು.

ಇಲ್ಲೀತನಕದ ಪಾಠದ ಸಿ.ಡಿ. ಮುಟ್ಟಿತು. ಮುಖ್ಯೋಪಾಧ್ಯಾಯರ ಖೋಲ್ಯಾಗ ಬಟ್ಟಿ ಹೊದಿಸಿ ಇಟ್ಟಿದ್ದ ಕಂಪ್ಯೂಟರ್ ಕಡೀಗೆ ಹೊರಗ ಬಂತು. ನಮ್ಮ ಹುಡುಗುರು ನನ್ನ ದನಿ ಕೇಳಿ ಡಬ್ಬಿಯ ಹಿಂದ ಹೋಗಿ ಹಣಿಕಿ ಹಾಕಿದ್ರು. 'ಅಕ್ಕೋರ, ನೀವು ಇಲ್ಲೆ ಅದೀರಿ, ಒಳಗ ಯಾರದಾರ?' ಅಂತ ಒಂದು ಹುಡುಗಿ ಕೇಳಿತು.

ಕೆಮ್ಮು ಕತ್ತರಿಸಿದ್ದಕ್ಕ ಭಾಳ ಉಪಕಾರ. ಅಂಥಾ ಕತ್ತರಿ ನಮ್ಮ ಕಡೆ ಸಿಗಾಂಗಿಲ್ಲ. ದನಿ ಜರಾ ಕಟ್ಟೇತಿ, ಸಂಜೀ ಹೊತ್ತಿಗೆ ಬರೇ ಗಾಳಿ ಬರ್ತೈತಿ. ನಲವತ್ತ ಹುಡುಗುರ ಮುಂದ ಇಪ್ಪತ್ತೆಂಟು ವರ್ಷ ಒದರೀನಿ, ಕಟ್ಟಲಾರದ ಏನು ಮಾಡೀತು.

ಫೋನಿನ ಮಾತು ಓದಿ ಖುಷಿ ಆತು. ನಮ್ಮನ್ಯಾಗ ಫೋನಿಲ್ಲ. ಎದರ ಮನಿ ಪಂಚಾಕ್ಷರಯ್ಯ ಅವರ ನಂಬರ್ ಕೆಳಗ ಬರದೇನಿ, ಕರದ್ರ ಬರ್ತೀನಿ. 'ಅಲೋ' ಅಂದ್ರೂ ಬೈಯೂದಿಲ್ಲ. ಖರೇ ಹೇಳ್ತೀನಿ, ನನಗೂ ನಿಮ್ಮ ದನಿ ಕೇಳಬೇಕಾಗೇತಿ. ನನ್ನ ದನಿ ನಿಮ್ಮನ್ಯಾಗ ವಾರಾ ವಾರಾ ಐತಿ, ನಿಮ್ಮದು ನಮ್ಮನ್ಯಾಗ ಒಮ್ಮೆನೂ ಇಲ್ಲ. ಇದು ಯಾವ ನ್ಯಾಯ ಹೇಳ್ರಿ.

ನಿಮ್ಮ,
ವೀರಬಸಮ್ಮ

⁕

ಫ್ಲೋರಲ್ ಪಾರ್ಕ್
7 ಸೆಪ್ಟೆಂಬರ್ 2003

ಪ್ರೀತಿಯ ಅಕ್ಕೋರೇ,

'ಸ' ತನಕ ಆಯ್ತು. ಇನ್ನು ಹ, ಳ ಎರಡೇ. ಹಕಾರಕ್ಕೆ ಕಾಯ್ತಾ ಕೂತಿದ್ದೀನಿ. ಮೊದಲು ಪದದ ಪಟ್ಟಿ ಕಳಿಸಿಬಿಡಿ, ಕಾಗುಣಿತ ಪ್ರಕಾರ. ಚಿತ್ರ ಬರೆಸಿ ಇಡ್ತೀನಿ.

ಗಂಟಲಿಗೆ ಅರಿಶಿನದ ಹಾಲು ಕುಡೀತಿದ್ದೀರಾ? ಡಾಕ್ಟರಿಗೆ ತೋರಿಸಿದ್ರಾ? ಅಸಡ್ಡೆ ಮಾಡಬೇಡಿ.

ನಿಮಗೆ ಹೇಳಿಲ್ಲ ಅನ್ಸುತ್ತೆ. ನಾನು ಇಲ್ಲಿಗೆ ಬಂದ ಮೂರನೇ ತಿಂಗಳಿಗೆ ನಮ್ಮವ್ವ ಹೋಗಿಬಿಟ್ಟಳು. ವೀಸಾ ಕಾಗದದ ತಕರಾರು, ಹೋಗೋಕೆ ಆಗಲಿಲ್ಲ. ಅವಳ ದನಿ ಎಲ್ಲೂ ಹಿಡಿದಿಟ್ಟಿಲ್ಲ ನಾವು. ನನಗಿಂತ ದೊಡ್ಡ ಹೆಂಗಸೊಬ್ಬಳು ಕನ್ನಡದಲ್ಲಿ 'ಹೇಳು, ಇನ್ನೊಮ್ಮೆ ಹೇಳು' ಅನ್ನೋದು ಈ ಮನೇಲಿ ನಿಮ್ಮ ಕ್ಯಾಸೆಟ್ಟಲ್ಲಿ ಮಾತ್ರ. ಮಕ್ಕಳು ಹೋದ ಮೇಲೂ ಹಾಕ್ಕೊಂಡು ಕೇಳ್ತೀನಿ ಅಕ್ಕೋರೇ. ಪಾತ್ರೆ ತೊಳೀತಾ ನಾನೂ ಜಾಗದಲ್ಲಿ ಪದ ಹೇಳ್ತೀನಿ.

ನಿಮ್ಮ,
ಸ್ಮಿತಾ

⁕

ಹುಬ್ಬಳ್ಳಿ
11 ಅಕ್ಟೋಬರ್ 2003, ಶನಿವಾರ

ಸ್ಮಿತಾ ಅವರಿಗೆ ಶರಣು.

ಮೊದಲು ಕೆಲಸ, ಆಮ್ಯಾಲ ಮಾತು. ಹಕಾರದ ಪಟ್ಟಿ ತಗೋರಿ:

ಹಲ್ಲು
ಹಾಲು
ಹಿಟ್ಟು
ಹೀರೇಕಾಯಿ
ಹುಳಿ
ಹೂವು
ಹೆಸರು
ಹೇಳು
ಹೈನು
ಹೊಲ
ಹೋಳಿಗೆ
ಹೌದು

ಈಗ ಮಾತು. ಹುಬ್ಬಳ್ಳಿ ದವಾಖಾನಿ ಎದರಿಗಿನ ಸೈಬರ್ ಅಂಗಡ್ಯಾಗ ಕುಂತು ಬರ್ಯಾಕತ್ತೀನಿ. ಗಂಟಲದಾಗ ಗಂಟು ಐತಿ, ಅದು ಕೆಟ್ಟ ಗಂಟು ಅಂದ್ರು. ಇದೇ 20ಕ್ಕ ಆಪರೇಷನ್. ದನಿ ಪೆಟಿಗೀನ ಪೂರಾ ತಗೀತಾರ. ಜೀವ ಉಳೀತೈತಿ, ದನಿ ಉಳಿಯೂದಿಲ್ಲ ಅಂತ ಡಾಕ್ಟರ್ ಬಾಯಿ ಬಿಚ್ಚಿ ಹೇಳಿದ್ರು. ಈಶಣ್ಣ ಅವರು ಹೊರಗ ಕಟ್ಟಿಗಿ ಬಾಂಕಿನ ಮ್ಯಾಲ ಕುಂತು ಅಳಾಕತ್ತಾರ. ನನಗ ಅಳು ಬರವಲ್ಲದು, ನಿಮ್ಮ ಪಟ್ಟಿ ನೆನಪಾತು.

ನವೆಂಬರ್ ಒಂದರ ತನಕ ನಾ ಇರ್ತೀನಿ, ದನಿ ಇರೂದಿಲ್ಲ. ಅದಕ್ಕ ಕೇಳ್ತೀನಿ, ಸಂಕೋಚ ಬಿಟ್ಟು ಕೇಳ್ತೀನಿ. 17ಕ್ಕ ದವಾಖಾನಿಗೆ ಸೇರಬೇಕು. ಅದರ ಒಳಗ ಒಮ್ಮೆ ಫೋನ್ ಮಾಡ್ರಿ. ನಾಳೆಯಿಂದ ದಿನಾ ಸಂಜೀ ಏಳರಿಂದ ಎಂಟರ ತನಕ ಪಂಚಾಕ್ಷರಯ್ಯ ಅವರ ಮನ್ಯಾಗ ಫೋನಿನ ಬಾಜೂಕ ಕುಂತಿರ್ತೀನಿ. ನಿಮ್ಮ ನಂಬರ್ ನನ್ನ ಹತ್ತರ ಇಲ್ಲ, ಇಲ್ಲಾಂದ್ರ ನಾನ ಮಾಡ್ತಿದ್ದೆ. ಪಾಠ ಅಲ್ಲದ ನಾಕು ಮಾತು ನನ್ನ ದನಿಯಾಗ ನಿಮ್ಮ ಜೋಡಿ ಆಡಬೇಕು. ಅಷ್ಟ.

ನಿಮ್ಮ,
ವೀರಬಸಮ್ಮ

⁕

ಫ್ಲೋರಲ್ ಪಾರ್ಕ್
13 ಅಕ್ಟೋಬರ್ 2003

ಪ್ರೀತಿಯ ಅಕ್ಕೋರೇ,

ಹಕಾರದ ಪಟ್ಟಿ ಬಂತು, ಆದ್ರೆ ಪೂರ್ತಿ ಒಡೆದಿದೆ! ಬದರಿ ಅವರ ಅಂಗಡೀಲಿ ಫಾಂಟ್ ಬದಲಾಯಿಸಿದ್ರಾ? ಮೇಲೆ ಹನ್ನೆರಡು ಚಿಕ್ಕ ಸಾಲು, ಪಟ್ಟಿ ಅಂತ ಆಕಾರದಲ್ಲೇ ಗೊತ್ತಾಗುತ್ತೆ. ಕೆಳಗಿರೋದು ವಾಕ್ಯ ರಚನೆ ಇರಬೇಕು ಅಲ್ವಾ? ಒಂದಕ್ಷರ ಓದೋಕೆ ಆಗ್ತಿಲ್ಲ. ಬರೀ ಕೊಂಬು, ಕೊಕ್ಕೆ, ಡಾಲರ್ ಗುರುತು.

ಪ್ರಿಂಟ್ ತೆಗೆದು ನಿನ್ನೆ ಮಕ್ಕಳಿಗೆ ತೋರಿಸಿದೆ. ವೇದ್ ಅನ್ನೋನು “ಆಂಟಿ, ಈಸ್ ಇಟ್ ತಮಿಳ್?” ಅಂದ. ಎಲ್ಲ ಬಿದ್ದು ಬಿದ್ದು ನಕ್ಕರು. ಸುತ್ತ ಹೂವಿನ ಚಿತ್ರ ಬರೆದು, 'ಅಕ್ಕೋರ ಕನ್ನಡಕ್ಕೆ ನೆಗಡಿ' ಅಂತ ಹೆಸರಿಟ್ಟು ಬೇಸ್‌ಮೆಂಟ್ ಗೋಡೆಗೆ ಅಂಟಿಸಿದ್ದಾರೆ.

ಆತುರ ಇಲ್ಲ, ಪುರುಸೊತ್ತಾದಾಗ ಇನ್ನೊಮ್ಮೆ ಕಳಿಸಿ. ನವೆಂಬರ್ ಒಂದಕ್ಕೆ ಎಲ್ಲ ರೆಡಿ. 'ಹಲೋ' ದಿನಕ್ಕೆ ಐವತ್ತು ಸಲ ಹೇಳ್ತಿದ್ದೀನಿ.

ನಿಮ್ಮ,
ಸ್ಮಿತಾ

⁕

ಫ್ಲೋರಲ್ ಪಾರ್ಕ್
2 ನವೆಂಬರ್ 2003

ಅಕ್ಕೋರೇ,

ಎಲ್ಲಿದ್ದೀರಿ? ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಹನ್ನೊಂದು ಮಕ್ಕಳೂ ಹಳದಿ ಕೆಂಪು ಶಾಲು ಹಾಕ್ಕೊಂಡು ಬಂದಿದ್ರು. ಸ್ಪೀಕರ್ ಆನ್ ಮಾಡಿ ನಿಮಗೆ ಫೋನ್ ಮಾಡಿದೆ. ಎತ್ತಿದವರು ಪಂಚಾಕ್ಷರಯ್ಯನವರ ಮನೆಯವರು ಅನ್ಸುತ್ತೆ. ನಾನು ಅಮೆರಿಕದಿಂದ ಸ್ಮಿತಾ ಅಂದೆ. “ಈಗ ಮಾಡೀರೇನು?” ಅಂದ್ರು. ಅಷ್ಟೇ. ಫೋನ್ ಇಟ್ಟುಬಿಟ್ರು. ಮತ್ತೆ ಮಾಡಿದ್ರೆ ಎತ್ತಲಿಲ್ಲ.

ನಾನೇನು ತಪ್ಪು ಮಾಡಿದೆ ಅಕ್ಕೋರೇ? ಮೂರು ಶನಿವಾರ ನಿಮ್ಮ ಪತ್ರ ಇಲ್ಲ. ಗೋಡೆಗೆ ಅಂಟಿಸಿದ್ದು ಬೇಜಾರಾಯ್ತಾ? ಒಂದು ಸಾಲು ಬರೀರಿ, ಒಡೆದಿದ್ರೂ ಪರವಾಗಿಲ್ಲ.

ಸ್ಮಿತಾ

⁕

ಬೆಟಗೇರಿ
6 ನವೆಂಬರ್ 2003

ತಂಗಿ ಸ್ಮಿತಾಗೆ ಈಶಣ್ಣ ಮಾಡುವ ಶರಣಾರ್ಥಿ.

ನಾನು ಬರೆಯುವ ಮನುಷ್ಯ ಅಲ್ಲ. ಕ್ಯಾಸೆಟ್ ಕಳಿಸುವ ವಿಳಾಸ ಮನೆಯಲ್ಲಿತ್ತು, ಅದಕ್ಕೆ ಈ ಕಾಗದ ಹಾಕಿದ್ದೇನೆ. ಅಕ್ಟೋಬರ್ 20ಕ್ಕೆ ನಮ್ಮ ಮನೆಯವಳ ಗಂಟಲ ಆಪರೇಷನ್ ಆಯಿತು. ಜೀವಕ್ಕೆ ಭಯ ಇಲ್ಲ. ಮಾತು ಹೋಗೇತಿ. ಇನ್ನು ಬರುವುದಿಲ್ಲ.

ಆಕೆ ಹುಬ್ಬಳ್ಳಿಯಿಂದ ನಿಮಗೆ ಪತ್ರ ಬರೆದಿದ್ದಳು, ಫೋನ್ ಮಾಡಲು ಹೇಳಿದ್ದಳು. ಐದು ಸಂಜೆ ಎದುರು ಮನೆಯಲ್ಲಿ ಫೋನಿನ ಹತ್ತಿರ ಕುಂತಳು. ಯಾರ ಫೋನ್ ಬಂದರೂ ಎದ್ದು ನಿಲ್ಲುತ್ತಿದ್ದಳಂತೆ. ಐದನೆಯ ಸಂಜೆ ಮನೆಗೆ ಬಂದು ಟೇಪ್ ತೆಗೆದುಕೊಂಡಳು. ಮಗ್ಗ ನಿಲ್ಲಿಸಲೇನು ಅಂತ ನಾನೇ ಕೇಳಿದೆ. ಬೇಡ, ಆ ಹುಡುಗರಿಗೆ ಇದರ ಸಪ್ಪಳ ಸೇರುತ್ತದೆ ಎಂದಳು. ಬಾಗಿಲು ಮುಂದ ಮಾಡಿಕೊಂಡು ಏನು ಮಾತಾಡಿದಳೋ ಗೊತ್ತಿಲ್ಲ. ದವಾಖಾನೆಗೆ ಹೋಗುವ ಮುಂಜಾನೆ ಆ ಕ್ಯಾಸೆಟ್ ಪೋಸ್ಟಿಗೆ ಹಾಕಿದೆ.

ಒಂದನೇ ತಾರೀಖು ನಿಮ್ಮ ಫೋನ್ ಬಂದಿತ್ತಂತೆ. ಎದುರು ಮನೆಯವರು ಸಿಟ್ಟಿನಿಂದ ಮಾತಾಡಿದ್ದಕ್ಕೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಕೆಗೆ ಸಿಟ್ಟಿಲ್ಲ. ನಿಮಗೆ ಏನಾಯಿತೋ ಎಂದು ಪಾಟಿಯ ಮೇಲೆ ಬರೆದು ಬರೆದು ಕೇಳುತ್ತಾಳೆ. ಅದಕ್ಕೇ ಈ ಕಾಗದ.

ಈಶಣ್ಣ

⁕

ಫ್ಲೋರಲ್ ಪಾರ್ಕ್
23 ನವೆಂಬರ್ 2003

ಅಕ್ಕೋರೇ,

ಅಣ್ಣನವರ ಕಾಗದ ಬುಧವಾರ ಬಂತು. ಓದ್ತಾ ಓದ್ತಾ ಬೇಸ್‌ಮೆಂಟಿಗೆ ಇಳಿದೆ. ನಿಮ್ಮ ಪತ್ರ ಗೋಡೆ ಮೇಲೇ ಇತ್ತು, ಸುತ್ತ ಹೂವು. ಐದು ವಾರ ಅದರ ಕೆಳಗೆ ನಿಂತು ಪಾಠ ಮಾಡಿದ್ದೀನಿ. ಆ ರಾಶಿ ಕೊಂಬು ಕೊಕ್ಕೆಗಳಲ್ಲಿ 'ಒಮ್ಮೆ ಫೋನ್ ಮಾಡ್ರಿ' ಅಂತ ಇತ್ತು ಅಕ್ಕೋರೇ. ಸಿಕ್ಕಿದ ಫಾಂಟೆಲ್ಲ ಹಾಕಿ ನೋಡಿದೆ, ಏಳನೇದಕ್ಕೆ ತೆರ್ಕೊಂಡಿತು. ಅರ್ಧ ಗಂಟೆ ಕೆಲಸ. ಅದನ್ನ ಅಕ್ಟೋಬರಲ್ಲಿ ಮಾಡಿದ್ರೆ ಆಗ್ತಿತ್ತು. ನನಗೆ ನಗು ಬಂತು ಆಗ, ಅದಕ್ಕೇ ಮಾಡಲಿಲ್ಲ.

ನನ್ನ ನಂಬರನ್ನೂ ನಿಮಗೆ ಕೊಟ್ಟಿರಲಿಲ್ಲ. ನಿಮ್ಮ ಕೆಮ್ಮನ್ನೆಲ್ಲ ಒಂದೊಂದಾಗಿ ಕೇಳಿ ಕೇಳಿ ಕತ್ತರಿಸಿದವಳು ನಾನು. ಅದು ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಜಾಸ್ತಿ ಆಗ್ತಾ ಇದ್ದದ್ದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನೀಟಾಗಿದೆ ಅಂತ ಬೇರೆ ಬರೆದೆ. ಥೂ ನನ್ನ!

ನಿನ್ನೆ ಕ್ಯಾಸೆಟ್ ಬಂತು. ಹ ಆಯ್ತು, ಳ ಆಯ್ತು. ಮುಗೀತು ಅಂತ ನಿಲ್ಲಿಸೋಕೆ ಹೋದೆ. ಆಗ ನಿಮ್ಮ ದನಿ, ಪಾಠದ್ದಲ್ಲ, ಪತ್ರದ್ದು: “ಹಲೋ, ಸ್ಮಿತಾ ಅವರೇನ್ರಿ?” ಅಂದು ಜಾಗ ಬಿಟ್ರಿ.

“ಹೌದ್ರಿ, ನಾ ವೀರಬಸಮ್ಮ. ಆರಾಮ ಅದೀರೇನ್ರಿ?” ಮತ್ತೆ ಜಾಗ. “ಊಟಾ ಆತೇನ್ರಿ?” ಜಾಗ. “ಅಲ್ಲೆ ಥಂಡಿ ಶುರು ಆತೇನು? ಕಾಲಿಗೆ ಏನರ ಹಾಕ್ಕೊಂತೀರೋ ಇಲ್ಲೋ?” ಜಾಗ. “ನಿಮ್ಮವ್ವನ ಹೆಸರ ಏನ್ರಿ? ಇಷ್ಟ ದಿನಾ ಕೇಳಲೇ ಇಲ್ಲ ನೋಡ್ರಿ ನಾ.” ಅಲ್ಲಿ ಎಷ್ಟು ದೊಡ್ಡ ಜಾಗ ಬಿಟ್ಟಿದ್ದೀರಿ ಅಕ್ಕೋರೇ. ಕೊನೇಲಿ, “ಹಂಗಾರ ಇಡ್ಲೇನ್ರಿ?” ಅಲ್ಲಿಂದ ಕ್ಯಾಸೆಟ್ ಮುಗಿಯೋ ತನಕ ಬರೀ ಮಗ್ಗ.

ಮೊದಲನೇ ಸಲ ಕೇಳಿದಾಗ ಒಂದು ಜಾಗದಲ್ಲೂ ಬಾಯಿ ಬರಲಿಲ್ಲ. ಇವತ್ತು ಕ್ಲಾಸ್ ಮುಗಿದ ಮೇಲೆ ಅದನ್ನ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸ್ಕೊಂಡು, ಜಾಗ ಬಂದ ಕಡೆಯೆಲ್ಲ ಉತ್ತರ ಹೇಳಿದ್ದೀನಿ. ಈ ಕಾಗದದ ಜೊತೆ ಇದೆ. ಕೇಳಿ.

ಸ್ಮಿತಾ

⁕

ಬೆಟಗೇರಿ
10 ಜನವರಿ 2004, ಶನಿವಾರ

ಸ್ಮಿತಾ ಅವರಿಗೆ ಶರಣು.

ಬದರಿ ಅವರ ಅಂಗಡಿ, ನಮ್ಮ ಹಳೇ ಫಾಂಟ್. ಓದಾಕ ಬರ್ತೈತಲ್ಲ? ನೆಗಡಿ ಬಿಟ್ಟೇತಿ.

ನಿಮ್ಮ ಅಕ್ಟೋಬರದ ಪತ್ರ ಡಿಸೆಂಬರದಾಗ ಓದಿದೆ. ಅಳಬ್ಯಾಡ್ರಿ. ಪಟ್ಟಿ ಮೊದಲು ಬರದದ್ದು ನನ್ನ ತಪ್ಪು. ಮಾಸ್ತರಿಕಿ ಚಟಾ, ಜೀವ ಹೋಗೂವಾಗನೂ ಮೊದಲು ಹಾಜರಿ ಹಾಕಿ ಆಮ್ಯಾಲ ಮಾತಾಡಾಕಿ ನಾ. ಐದು ದಿನ ಆ ಕುರ್ಚಿ ಮ್ಯಾಲ ಕುಂತದ್ದು ಮಾತ್ರ ಖರೇನ ಕೆಟ್ಟ ಅನಸಿತ್ತು. ಸುಳ್ಳು ಯಾಕ ಹೇಳ್ಲಿ ನಿಮಗ.

ಸಾಲಿಗೆ ಹೊಂಟೇನಿ. ಕಂಪ್ಯೂಟರದಾಗ ನನ್ನ ದನಿ ಹೇಳ್ತೈತಿ, ನಾ ಕೋಲು ಹಿಡದು ಫಳಿ ಮ್ಯಾಲ ಅಕ್ಷರಾ ತೋರಸ್ತೀನಿ. ಹುಡುಗುರು ಈಗ ಡಬ್ಬಿ ಹಿಂದ ಹಣಿಕಿ ಹಾಕೂದಿಲ್ಲ. ನಿಮ್ಮ ಮಕ್ಕಳಿಗೆ ಅಂತ ಮಾಡಿದ್ದು ನನ್ನ ಮಕ್ಕಳ ಪಾಲಿಗೆ ಉಳೀತು. ಪ, ಬ, ಮ ತುಟೀಲೆ ತೋರಸಾಕ ಬರ್ತೈತಿ. ಹಕಾರ ಬರೂದಿಲ್ಲ. ಅದು ಬರೇ ಉಸಿರು ನೋಡ್ರಿ, ನನ್ನ ಉಸಿರು ಈಗ ಬಾಯಿಗೆ ಬರೂದಿಲ್ಲ, ಕುತಗಿಯಾಗಿನ ತೂತಿನಿಂದ ಹೋಗ್ತೈತಿ. 'ಹ' ಬಂದಾಗ ನಾ ಬಾಯಿ ತಗದು ಸುಮ್ಮನ ನಿಂದರ್ತೀನಿ.

ನಿಮ್ಮ ಕ್ಯಾಸೆಟ್ ಕೇಳಿದೆ. ಈಶಣ್ಣ ಅವರು ಮಗ್ಗ ನಿಲ್ಲಿಸಿದ್ರು, ನಾ ಹೇಳಿರಲಿಲ್ಲ. ಇಷ್ಟ ಸಣ್ಣ ದನಿ ಅಂತ ತಿಳಕೊಂಡಿರಲಿಲ್ಲ ನಾ. ಈಗ ಮಾರ್ಕು ತಗೋರಿ. 'ಹಲೋ' ಸರಿ ಐತಿ. ಅವ್ವನ ಹೆಸರು 'ಹೊನ್ನಮ್ಮ' ಅಂದೀರಿ, ಹಕಾರ ಭಾಳ ಛಲೋ ಬಂದೈತಿ. ಆಮ್ಯಾಲ ಅಳಕೋತ 'ಬ್ಯಾಡ, ಇಡಬೇಡಿ ಹಕ್ಕೋರೇ' ಅಂದೀರಿ. ಅಲ್ಲೆ ಹಕಾರ ಬ್ಯಾಡಾಗಿತ್ತು.

ಅದನ್ನ ತಿದ್ದಬ್ಯಾಡ್ರಿ. ನನ್ನ ಹತ್ತರ ಇಲ್ಲದ್ದು ನೀವು ಒಂದು ಹೆಚ್ಚಿಗಿ ಕೊಟ್ಟಂಗ ಆತು.

ನಿಮ್ಮ,
ಹಕ್ಕೋರು